ಸೊಟ್ಟ ಕಾಲಿನ ಮರಿ

ಹೇಮಗಿರಿಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕೊಳ್ಳುವ ಕೃಷ್ಣರಾಜಪೇಟೆಯ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಅವನ ಮಕ್ಕಳು ಎತ್ತಿಕೊಂಡು ಬಂದ ನಾಯಿಮರಿಯ ಕಾಲನ್ನು ಮಾತ್ರ ಯಾರೂ ನೋಡುವುದಿಲ್ಲ. ಮರಿ ಕುಂಟತೊಡಗಿದಾಗ ‘ಅದು ಹುಟ್ಟಿದ್ದೇ ಹಂಗೆ ಕಣ್ರೋ, ಬುಟ್ಬುಡಿ’ ಎಂಬ ತೀರ್ಪು ಜಗಲಿಯಿಂದ ಬರುತ್ತದೆ.

ಈ ತೀರ್ಪು ಎಷ್ಟೋ ಸಲ ತಪ್ಪು. ಬರೀ ಅನ್ನ ಅಥವಾ ಬರೀ ಮಾಂಸ ತಿಂದು ಬೆಳೆಯುವ ಮರಿಗೆ ಸುಣ್ಣದಂಶ ಸಾಲದೆ ಮೂಳೆ ಬಾಗುತ್ತದೆ. ಅದಕ್ಕೆ ಬೇಕಾದದ್ದು ಸರಿಯಾದ ಆಹಾರ, ಆಪರೇಷನ್ ಅಲ್ಲ. ಹಾಗೆಂದು ಕ್ಯಾಲ್ಸಿಯಂ ಟಾನಿಕ್ಕನ್ನು ಮನಬಂದಂತೆ ಕುಡಿಸಿದರೆ, ದೊಡ್ಡ ಜಾತಿಯ ಮರಿಗಳಲ್ಲಿ ಅದೂ ಮೂಳೆಯ ಬೆಳವಣಿಗೆಯನ್ನು ಕೆಡಿಸುತ್ತದೆ.

ನಿಜಕ್ಕೂ ಹುಟ್ಟಿನಿಂದ ಬರುವ ದೋಷಗಳು ಬೇರೆ. ಕೆಲವು ಮರಿಗಳಿಗೆ ಒಂದು ಬೆರಳು ಹೆಚ್ಚು, ಅದಕ್ಕೆ ಹೆದರಬೇಕಿಲ್ಲ. ಕೆಲವಕ್ಕೆ ಮುಂಗಾಲಿನ ಎರಡು ಮೂಳೆಗಳಲ್ಲಿ ಒಂದು ಇರುವುದೇ ಇಲ್ಲ. ಇನ್ನು ಕೆಲವಕ್ಕೆ ಮೊಣಕೈ ಕೀಲು ತಪ್ಪಿರುತ್ತದೆ. ಇದು ಮೊದಲ ಕೆಲವು ವಾರಗಳಲ್ಲೇ ಕಣ್ಣಿಗೆ ಬಿದ್ದರೆ, ಅರಿವಳಿಕೆ ಕೊಟ್ಟು ಮೂಳೆಯನ್ನು ಜಾಗಕ್ಕೆ ಕೂರಿಸಿ, ಸಣ್ಣ ಪಿನ್ ಹಾಕಿ ಕೆಲಕಾಲ ಹಿಡಿದಿಡಲು ಸಾಧ್ಯವಾಗಬಹುದು. ತಿಂಗಳುಗಳು ಕಳೆದರೆ ಮೂಳೆಯ ಆಕಾರವೇ ಬದಲಾಗಿ, ಕೂರಿಸಲು ಜಾಗ ಉಳಿದಿರುವುದಿಲ್ಲ.

ಮೂಳೆ ಉದ್ದವಾಗುವುದು ಅದರ ತುದಿಗಳಲ್ಲಿರುವ ಮೆದು ಪಟ್ಟಿಯಿಂದ. ಹೆಚ್ಚಿನ ನಾಯಿಗಳಲ್ಲಿ ವರ್ಷ ತುಂಬುವುದರೊಳಗೆ ಈ ಪಟ್ಟಿ ಗಟ್ಟಿಯಾಗಿ ಬೆಳವಣಿಗೆ ನಿಲ್ಲುತ್ತದೆ. ಮುಂಗಾಲಿನ ಜೋಡಿ ಮೂಳೆಗಳಲ್ಲಿ ಹಿಂದಿನದು, ಪೆಟ್ಟಿನಿಂದಲೋ ವಂಶದ ಗುಣದಿಂದಲೋ, ಅವಧಿಗೆ ಮೊದಲೇ ನಿಂತುಬಿಟ್ಟರೆ ಅದು ಬಿಲ್ಲಿನ ಹೆದೆಯಂತೆ ಬಿಗಿದು ಮುಂದಿನದನ್ನು ಬಾಗಿಸುತ್ತದೆ. ಎಳೆಯ ಮರಿಯಾದರೆ ಹೆದೆ ಕತ್ತರಿಸುವುದೇ ಚಿಕಿತ್ಸೆ: ಹಿಂದಿನ ಮೂಳೆಯ ತುಂಡೊಂದನ್ನು ತೆಗೆದು, ಮತ್ತೆ ಕೂಡಿಕೊಳ್ಳದಂತೆ ಆ ಸಂದಿಗೆ ಮರಿಯದೇ ಕೊಬ್ಬು ತುಂಬುತ್ತಾರೆ. ಮುಂದಿನ ಮೂಳೆ ಬೆಳೆಯುತ್ತಾ ಬೆಳೆಯುತ್ತಾ ತಾನೇ ಸಾಕಷ್ಟು ನೆಟ್ಟಗಾಗಬಲ್ಲದು. ಬೆಳವಣಿಗೆ ಮುಗಿದ ಮೇಲೆ ಕರೆತಂದರೆ ಮೂಳೆ ಕತ್ತರಿಸಿ ಪ್ಲೇಟು ಕೂರಿಸುವ ದೊಡ್ಡ ಕೆಲಸ.

ಇಲ್ಲವೇ ಕಾಲಿನ ಸುತ್ತ ಉಕ್ಕಿನ ಬಳೆ. ಈ ವಿಧಾನ ಸೈಬೀರಿಯಾದ ಕುರ್ಗಾನ್ ನಗರದ ವೈದ್ಯ ಇಲಿಜಾರೋವ್ ಅವರದು. ಕತ್ತರಿಸಿದ ಮೂಳೆಯನ್ನು ದಿನಕ್ಕೆ 1 ಮಿಲಿಮೀಟರಿನಂತೆ ಎಳೆದರೆ ನಡುವೆ ಹೊಸ ಮೂಳೆ ಬೆಳೆಯುತ್ತದೆ ಎಂದು 1989ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳು ನಡೆದದ್ದು ನಾಯಿಗಳ ಕಾಲಿನ ಮೇಲೆ. ಅದೇ ಬಳೆಗಳಿಂದ ಇಂದು ಮಕ್ಕಳ ಗಿಡ್ಡ ಕಾಲೂ ಉದ್ದವಾಗುತ್ತದೆ. ಋಣ ಯಾರದೆಂದು ಬೇರೆ ಹೇಳಬೇಕೆ?

ಕೃಷ್ಣರಾಜಪೇಟೆಯವರು ಮೊದಲು ತಾಲೂಕಿನ ಪಶು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯ ಬಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲೋ, 1958ರಲ್ಲಿ ಆರಂಭವಾದ ಬೆಂಗಳೂರು ಹೆಬ್ಬಾಳದ ಕಾಲೇಜಿನಲ್ಲೋ ವಿಚಾರಿಸಬಹುದು. ಮೂಳೆಯೇ ಇಲ್ಲದ ಕಾಲನ್ನು ತೆಗೆಯೋಣವೆಂದು ವೈದ್ಯರು ಹೇಳಿದರೆ ಗಾಬರಿ ಬೇಡ. ಮೂರು ಕಾಲಿನ ನಾಯಿ ಚೆನ್ನಾಗಿಯೇ ಓಡುತ್ತದೆ. ಹುಟ್ಟುದೋಷವಿದ್ದ ನಾಯಿಯಿಂದ ಮಾತ್ರ, ಕಾಲು ಸರಿಹೋಗಿದ್ದರೂ, ಮರಿ ಹಾಕಿಸಬಾರದು. ಆಪರೇಷನ್ ಆದ ಮೇಲೆ ವಾರಗಟ್ಟಲೆ ಮರಿಯನ್ನು ಓಡಿಸುವಂತಿಲ್ಲ, ಮೆಟ್ಟಿಲು ಹತ್ತಿಸುವಂತಿಲ್ಲ. ಶಾಲೆಯಿಂದ ಬಂದ ಮಕ್ಕಳು ಬ್ಯಾಗು ಬಿಸಾಡಿ ಅದರ ಪಕ್ಕದಲ್ಲಿ ಸುಮ್ಮನೆ ಕೂರಬೇಕಾದ ದಿನಗಳು ಅವು.