ಪೇಟೆಯೊಳಗಿನ ಪಾಳು ಜಾಗ ಬಿಟ್ಟು ನಮ್ಮ ಗದ್ದೆಗೇ ಯಾಕೆ ಬರ್ತಾರೆ?



ಈ ವಾರ ಭತ್ತದ ವಿಷಯ ಬರೀಬೇಕು ಅಂತಿದ್ದೆ. ಎರಡನೇ ಗೊಬ್ಬರ ಕೊಟ್ಟಾಯ್ತು, ತೆಂಡೆ ಚೆನ್ನಾಗಿ ಒಡೆದಿದೆ, ಅಲ್ಲಲ್ಲಿ ಎಲೆ ಸುರುಳಿ ಹುಳ ಕಾಣ್ತಾ ಇದೆ. ಅದನ್ನ ಮುಂದಿನ ಸಲ ಬರೀತೀನಿ. ಈಗ ತಲೆಯೊಳಗೆ ಕೂತಿರೋದು ಬೇರೆ ವಿಷಯ.

ನಮ್ಮೂರ ಭದ್ರಾ ನಾಲೆ ಕೆಳಗಿನ ಗದ್ದೆಗಳಲ್ಲಿ ಬಡಾವಣೆ ಮಾಡಿ, ಅದರಲ್ಲಿ ಒಂದು ಭಾಗಕ್ಕೆ ಬಡವರ ಮನೆ ಕಟ್ಟೋ ಮಾತು ನಡೀತಾ ಇದೆ. 50:50 ಲೆಕ್ಕ. ಅಂದ್ರೆ ಅಭಿವೃದ್ಧಿ ಆದ ಜಾಗದಲ್ಲಿ ಅರ್ಧ ರೈತನಿಗೆ, ಅರ್ಧ ಅವರಿಗೆ. ಒಪ್ಪಿಗೆ ಪತ್ರ ಮನೆಗೇ ಬಂದಿದೆ. ನನ್ನ ಎರಡು ಎಕರೆ ಹತ್ತು ಗುಂಟೆ ಅದರಲ್ಲಿ ಬರುತ್ತೆ, ಪಕ್ಕದ ಅಣ್ಣನ ಗದ್ದೆಯೂ ಬರುತ್ತೆ. ಅಣ್ಣ ಸಹಿ ಹಾಕೋಕೆ ತಯಾರು. ನಾನಿನ್ನೂ ಹಾಕಿಲ್ಲ. ಮುಂದಿನ ಸೋಮವಾರ ಊರಲ್ಲಿ ಸಭೆ ಇದೆ.

ಬಡವರಿಗೆ ಮನೆ ಬೇಡ ಅನ್ನೋ ಮನುಷ್ಯ ನಾನಲ್ಲ. ನನ್ನ ಮಗಳು ಅಳಿಯಾನೇ ದಾವಣಗೆರೆ ಪೇಟೆಯೊಳಗೆ ಒಂದೇ ಕೋಣೆಯ ಬಾಡಿಗೆ ಮನೇಲಿದ್ದಾರೆ. ಅಳಿಯನಿಗೆ ಗ್ಯಾರೇಜ್ ಕೆಲಸ, ಮಗಳು ಒಂದು ನರ್ಸಿಂಗ್ ಹೋಮಿನಲ್ಲಿದ್ದಾಳೆ. ಸರ್ಕಾರದ ಮನೆಗೆ ಅವರೂ ಅರ್ಜಿ ಹಾಕಿದ್ದಾರೆ. ಹಾಗಾಗಿ ಈ ವಿಷಯದಲ್ಲಿ ನಾನು ಎರಡೂ ಕಡೆಯವನು.

ಮೊನ್ನೆ ಮಗಳಿಗೆ ಫೋನಿನಲ್ಲಿ ಕೇಳಿದೆ, "ನಮ್ಮ ಗದ್ದೆ ಹತ್ರಾನೇ ಮನೆ ಕೊಟ್ರೆ ಬರ್ತೀಯೇನವ್ವಾ?" ಅಂತ.

"ಅಪ್ಪಾ, ನನ್ನ ಡ್ಯೂಟಿ ಮುಗಿಯೋದು ರಾತ್ರಿ ಒಂಬತ್ತಕ್ಕೆ. ಆ ಹೊತ್ತಿನಾಗ ಒಂಬತ್ತು ಕಿಲೋಮೀಟರ್ ಯಾವ ಬಸ್ಸಿಗೆ ಬರ್ಲಿ? ಮನೆ ಬಂದ್ರೆ ಬಾಡಿಗೆಗೆ ಬಿಟ್ಟು ನಾವು ಇಲ್ಲೇ ಇರ್ತೀವಿ," ಅಂದ್ಲು.

ಅವಳ ಬಾಡಿಗೆ ಮನೆಯಿಂದ ನಡೆದುಕೊಂಡು ಹೋಗೋ ದೂರದಲ್ಲೇ ಒಂದು ಹಳೇ ಗಿರಣಿ ಜಾಗ ಇದೆ. ಕಾಂಪೌಂಡ್ ಬಿದ್ದಿದೆ, ಒಳಗೆ ಪೀಕ್ ಜಾಲಿ ಬೆಳೆದಿದೆ. ಅದು ಓಡ್ತಿದ್ದ ಕಾಲ ನಾನು ನೋಡಿದೀನಿ. ಆಗ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ನಮ್ಮ ಚಿಕ್ಕಪ್ಪ ಗಿರಣಿ ಕೆಲಸಕ್ಕೇ ಸೈಕಲ್ಲಿನಲ್ಲಿ ಹೋಗ್ತಿದ್ದ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಲವು ಗಿರಣಿ ಜಾಗ ಲೇಔಟ್ ಆದವು. ಈ ಜಾಗ ಮಾತ್ರ ಹಾಗೇ ಬಿದ್ದಿದೆ. ಮುಂದೆ ಟಾರು ರಸ್ತೆ, ನಲ್ಲಿ ನೀರು, ಚರಂಡಿ, ಕರೆಂಟು, ಶಾಲೆ, ಆಸ್ಪತ್ರೆ ಎಲ್ಲಾ ಇದೆ. ಆದರೂ ಮನೆ ಕಟ್ಟೋರ ಕಣ್ಣು ಅದರ ಮೇಲೆ ಬೀಳಲ್ಲ, ಒಂಬತ್ತು ಕಿಲೋಮೀಟರ್ ಆಚೆ ಇರೋ ನಮ್ಮ ಭತ್ತದ ಗದ್ದೆ ಮೇಲೆ ಬೀಳುತ್ತೆ.

ಯಾಕೆ ಅಂತ ಯೋಚನೆ ಮಾಡಿದೆ. ಸಬ್ಸಿಡಿ ಕೊಡೋ ರೀತಿಯಲ್ಲೇ ಇದರ ಉತ್ತರ ಇದೆ ಅನ್ನಿಸ್ತು.

ನಗರದ ಪ್ರಧಾನಮಂತ್ರಿ ಆವಾಸ್ ಯೋಜನೆ 2015ರಲ್ಲಿ ಶುರುವಾಯ್ತು. ಸರ್ಕಾರ ಮತ್ತು ಪಾಲುದಾರರು ಸೇರಿ ಕಟ್ಟೋ ಬಡವರ ಮನೆಗೆ ಕೇಂದ್ರದಿಂದ ಮನೆ ಒಂದಕ್ಕೆ 1.5 ಲಕ್ಷ. ಆಗ ಮನೆ ಒಳಗಿನ ಅಳತೆ 30 ಚದರ ಮೀಟರ್ ತನಕ, ಅಂದ್ರೆ ಸುಮಾರು 320 ಚದರ ಅಡಿ ಇತ್ತು. ರಾಜ್ಯ ತನ್ನ ಪಾಲು ಸೇರಿಸುತ್ತೆ, ಉಳಿದದ್ದು ಮನೆ ಪಡೆಯೋರು ಸಾಲ ಮಾಡಿ ಕಟ್ಟಬೇಕು. ಜಾಗ ಹುಡುಕೋ ಹೊಣೆ ಇಲ್ಲಿಯವರದ್ದು. ಕೇಂದ್ರದ ಆ 1.5 ಲಕ್ಷ ಮನೆ ಪೇಟೆ ನಡುವೆ ಇದ್ರೂ ಅಷ್ಟೇ, ಗದ್ದೆ ನಡುವೆ ಇದ್ರೂ ಅಷ್ಟೇ.

ಹಾಗಿದ್ದಾಗ ಯಾರಾದ್ರೂ ಏನು ಮಾಡ್ತಾರೆ? ಅಗ್ಗದ ಜಾಗ ಹುಡುಕ್ತಾರೆ. ಪಾಳು ಗಿರಣಿ ಜಾಗಕ್ಕೆ ಬೆಲೆ ಜಾಸ್ತಿ, ತಂಟೆಯೂ ಜಾಸ್ತಿ. ಬ್ಯಾಂಕಿನ ಸಾಲ, ಕಾರ್ಮಿಕರ ಬಾಕಿ, ಕೋರ್ಟು. ಹಳೇ ಕಟ್ಟಡ ಕೆಡವಬೇಕು. ಎಣ್ಣೆ, ಬಣ್ಣ, ರಾಸಾಯನಿಕ ಇಳಿದಿದ್ರೆ ಮಣ್ಣನ್ನೂ ತೆಗೆಸಬೇಕು. ರೈತನ ಗದ್ದೆಗೆ ಇದ್ಯಾವುದೂ ಇಲ್ಲ. ಪಹಣಿ ಇದೆ, ಸಹಿ ಹಾಕೋ ಕೈ ಇದೆ, ಮನೇಲಿ ಸಾಲವೂ ಇದೆ.

ಗದ್ದೆ ಅಗ್ಗ ಅನ್ನೋದು ಮೊದಲ ದಿನದ ಲೆಕ್ಕ ಅಷ್ಟೇ. ಆಮೇಲೆ ಒಂಬತ್ತು ಕಿಲೋಮೀಟರ್ ನೀರಿನ ಪೈಪು, ಒಳಚರಂಡಿ, ರಸ್ತೆ, ಬೀದಿ ದೀಪ, ಬಸ್ಸು, ಶಾಲೆ, ಇದೆಲ್ಲಾ ಜನರ ದುಡ್ಡಿನಲ್ಲೇ ಆಗಬೇಕು. ಆಗೋ ತನಕ ಅಲ್ಲಿ ಯಾರೂ ಬಂದು ಇರಲ್ಲ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು ಸುಮಾರು 1.11 ಕೋಟಿ. ಅವೆಲ್ಲಾ ಸರ್ಕಾರದ ಮನೆ ಅಲ್ಲ. ಆದ್ರೆ ಮನೆ ಕಟ್ಟಿದ ಮಾತ್ರಕ್ಕೆ ಜನ ಬಂದು ಇರ್ತಾರೆ ಅನ್ನೋ ಹಾಗಿಲ್ಲ ಅಂತ ಇದರಿಂದ ತಿಳಿಯುತ್ತೆ. ನನ್ನ ಮಗಳು ಹೇಳಿದ್ದೂ ಅದನ್ನೇ.

ಜಾಗದ ಲೆಕ್ಕವನ್ನೂ ಹಾಕಿ ನೋಡಿದೆ. ಒಂದು ಎಕರೆ ಅಂದ್ರೆ 43,560 ಚದರ ಅಡಿ. ರಸ್ತೆ, ಪಾರ್ಕು ತೆಗೆದ್ರೆ ಉಳಿಯೋದು ಹೆಚ್ಚು ಕಮ್ಮಿ 24,000. ಅದರಲ್ಲಿ 20x30 ಸೈಟು ಮಾಡಿದ್ರೆ 40 ಮನೆ. ಅದೇ ಜಾಗದ ಅರ್ಧಕ್ಕೆ ಮಾತ್ರ ಕಟ್ಟಡ ಹಾಕಿ ನಾಲ್ಕು ಅಂತಸ್ತು ಎಬ್ಬಿಸಿದ್ರೆ 100 ಸಣ್ಣ ಮನೆ ಆಗುತ್ತೆ. ಹತ್ತು ಎಕರೆ ಪಾಳು ಜಾಗ ಬಳಸಿದ್ರೆ ಇಪ್ಪತ್ತೈದು ಎಕರೆ ಗದ್ದೆ ಉಳಿಯುತ್ತೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಪೇಟೆಯೊಳಗಿನ ಪಾಳು ಜಾಗದಲ್ಲಿ ಬಡವರ ಮನೆ ಕಟ್ಟಿದ್ರೆ ಸರ್ಕಾರ ಹೆಚ್ಚಿಗೆ ಸಬ್ಸಿಡಿ ಕೊಡಬೇಕು. ಕೆಡವೋ ಖರ್ಚು, ಮಣ್ಣು ಶುದ್ಧ ಮಾಡೋ ಖರ್ಚು, ಕಾರ್ಮಿಕರ ಬಾಕಿ ತೀರಿಸೋ ಖರ್ಚು ಅದರಲ್ಲಿ ಬರಬೇಕು. ಆ ಹಣ ದಂಡ ಅಲ್ಲ. ಮುಂದೆ ಪೈಪು, ರಸ್ತೆ ಎಳೆಯೋಕೆ ಹಾಕಬೇಕಾದ ದುಡ್ಡನ್ನೇ ಮೊದಲು ಹಾಕಿದ ಹಾಗೆ.

ಆದ್ರೆ ಹಣ ಸುಮ್ನೆ ಸುರಿದ್ರೆ ಏನಾಗುತ್ತೆ ಅಂತಾನೂ ನೋಡಬೇಕು. ಗಿರಣಿ ಜಾಗ ಅಂದ್ರೆ ಮುಂಬೈ ಕಥೆ ಎಲ್ಲರೂ ತಿಳಕೊಳ್ಳಬೇಕು. ಅಲ್ಲಿ 1982ರಲ್ಲಿ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ್ರು. ಆಮೇಲೆ ಗಿರಣಿಗಳು ಒಂದೊಂದಾಗಿ ನಿಂತವು. ಊರ ನಡುವೆ ಸುಮಾರು 600 ಎಕರೆ ಗಿರಣಿ ಜಾಗ. 1991ರಲ್ಲಿ ಒಂದು ಒಳ್ಳೇ ನಿಯಮ ಬಂತು. ಗಿರಣಿ ಜಾಗ ಬೇರೆ ಕೆಲಸಕ್ಕೆ ಬಳಸಿದ್ರೆ ಹೆಚ್ಚು ಕಮ್ಮಿ ಮೂರರಲ್ಲಿ ಒಂದು ಪಾಲು ಪಾರ್ಕು ಮೈದಾನಕ್ಕೆ, ಒಂದು ಪಾಲು ಸರ್ಕಾರಿ ವಸತಿಗೆ, ಒಂದು ಪಾಲು ಮಾಲೀಕರಿಗೆ. 2001ರಲ್ಲಿ ಆ ನಿಯಮ ತಿದ್ದಿದ್ರು. ಕಟ್ಟಡ ಇರೋ ಜಾಗ ಬಿಟ್ಟು ಖಾಲಿ ಇರೋ ಜಾಗದಲ್ಲಿ ಮಾತ್ರ ಪಾಲು ಅಂತ ಆಯ್ತು. ಗಿರಣಿ ತುಂಬ ಕಟ್ಟಡಾನೇ ಇದ್ರೆ ಖಾಲಿ ಜಾಗ ಎಷ್ಟು ಸಿಕ್ಕೀತು? 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತಿದ್ದುಪಡಿ ಎತ್ತಿ ಹಿಡೀತು. 2005ರಲ್ಲಿ ಒಂದೇ ಗಿರಣಿಯ 17 ಎಕರೆ 702 ಕೋಟಿಗೆ ಹೋಯ್ತು. ಈಗಲ್ಲಿ ಮಾಲು, ಆಫೀಸು, ಐವತ್ತು ಅಂತಸ್ತಿನ ಕಟ್ಟಡ. ನೂಲು ತೆಗೆದ ಕಾರ್ಮಿಕರು ಮನೆಗೆ ಲಾಟರಿ ಚೀಟಿ ಕಾಯೋ ಹಾಗಾಯ್ತು. ಒಂದು ಪದ ತಿದ್ದಿದ್ದಕ್ಕೆ ಇಷ್ಟಾಯ್ತು.

ಅದಕ್ಕೇ ಸಬ್ಸಿಡಿ ಜೊತೆ ಷರತ್ತೂ ಇರಬೇಕು ಅಂತೀನಿ. ಜನರ ದುಡ್ಡು ಹಾಕಿದ ಜಾಗ ಜನರ ಹೆಸರಿನಲ್ಲೇ, ಅಂದ್ರೆ ನಗರಸಭೆ ಪಾಲಿಕೆ ಹೆಸರಿನಲ್ಲೇ ಇರಬೇಕು. ಮನೆ ಪಡೆದವರು ಇಷ್ಟು ವರ್ಷ ಮಾರಬಾರದು ಅಂತ ಇರಬೇಕು. ಒಂದಷ್ಟು ಮನೆ ಕಡಿಮೆ ಬಾಡಿಗೆಗೆ ಕೊಡಬೇಕು, ಯಾಕಂದ್ರೆ ನನ್ನ ಮಗಳಂಥೋರಿಗೆ ಸಾಲಕ್ಕಿಂತ ಬಾಡಿಗೆ ಸಲೀಸು. ಹಣದ ಕೊನೇ ಕಂತು ಜನ ಬಂದು ಒಲೆ ಹಚ್ಚಿದ ಮೇಲೆ ಬಿಡುಗಡೆ ಆಗಬೇಕು, ಬರೀ ಬೀಗ ಹಾಕಿದ ಕಟ್ಟಡಕ್ಕೆ ಅಲ್ಲ. ಇನ್ನೊಂದು ಮಾತು, ಕೆರೆ ಅಂಗಳ, ಹಳ್ಳದ ದಂಡೆ ಪಾಳು ಜಾಗ ಅಲ್ಲ. ಖಾಲಿ ಕಾಣುತ್ತೆ ಅಂತ ಅಲ್ಲಿ ಮನೆ ಕಟ್ಟಿದ್ರೆ ಮಳೆಗಾಲದಲ್ಲಿ ನೀರು ತನ್ನ ಜಾಗ ಕೇಳೋಕೆ ಬರುತ್ತೆ.

ಇಷ್ಟೆಲ್ಲಾ ಅಣ್ಣನ ಹತ್ರ ಹೇಳಿದೆ. ಅಣ್ಣ ಬೀಡಿ ಆರಿಸಿ ಹೇಳಿದ, "ತಮ್ಮಾ, ನಿನ್ನ ಮಾತು ಖರೆ ಐತಿ. ಆದ್ರ ಪಾಳು ಜಾಗದಾಗ ಮನೆ ಕಟ್ಟಿದ್ರ ನಮ್ಮ ಗದ್ದೆ ರೇಟು ಏಳಂಗಿಲ್ಲ. ನನಗ ಅರವತ್ತೆರಡು ಆತು. ಮಗ ಒಕ್ಕಲುತನಕ್ಕ ಬರಂಗಿಲ್ಲ. ನಾ ಇನ್ನ ಎಷ್ಟು ದಿನ ನೀರು ಕಟ್ಲಿ?"

ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ರೇಟು ಏಳಲ್ಲ ಅನ್ನೋದು ನಿಜ, ಅದರಲ್ಲಿ ನನಗೂ ನಷ್ಟ ಇದೆ. ನಾವು ಗದ್ದೆ ಮಾರೋಕೆ ಕಾಯ್ತಾ ಇರೋ ರೈತರೋ, ಬೆಳೆಯೋಕೆ ಇರೋ ರೈತರೋ ಅನ್ನೋದನ್ನ ಮೊದಲು ನಾವೇ ತೀರ್ಮಾನ ಮಾಡಬೇಕು. ಭತ್ತಕ್ಕೆ ಸರಿಯಾದ ಬೆಲೆ ಸಿಕ್ಕಿದ್ರೆ ಅಣ್ಣ ಈ ಮಾತು ಆಡ್ತಿರಲಿಲ್ಲ, ಅದೂ ಗೊತ್ತು.

2025ರ ಜುಲೈನಲ್ಲಿ ದೇವನಹಳ್ಳಿ ಕಡೆ 1,777 ಎಕರೆ ಭೂಸ್ವಾಧೀನವನ್ನ ಸರ್ಕಾರ ಕೈಬಿಟ್ಟಿತು. ಅದು ಕೈಗಾರಿಕೆಗೆ ಕೇಳಿದ್ದ ಜಮೀನು, ಮನೆಗಲ್ಲ. ಅಲ್ಲಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತು ಹೋರಾಡಿದ್ರು. ನಮ್ಮ ವಿಷಯ ಬೇರೆ, ನಮ್ಮನ್ನ ಒಪ್ಪಿಗೆ ಕೇಳ್ತಾ ಇದ್ದಾರೆ. ಅದಕ್ಕೇ ಬರೀ "ಕೊಡಲ್ಲ" ಅಂದ್ರೆ ಸಾಲದು, ಮನೆ ಎಲ್ಲಿ ಕಟ್ಟಬಹುದು ಅಂತಾನೂ ತೋರಿಸಬೇಕು.

ಸೋಮವಾರ ಸಭೆಯಲ್ಲಿ ನಾನು ಒಂದೇ ಪ್ರಶ್ನೆ ಕೇಳ್ತೀನಿ. "ಪೇಟೆಯೊಳಗೆ ಖಾಲಿ ಬಿದ್ದಿರೋ ಜಾಗದ ಪಟ್ಟಿ ಮಾಡಿದೀರಾ? ಮಾಡಿದ್ರೆ ನಮಗೂ ತೋರಿಸಿ." ಪಟ್ಟಿ ಕೈಗೆ ಬರೋ ತನಕ ನನ್ನ ಸಹಿ ಇಲ್ಲ. ನೀವೂ ದಾವಣಗೆರೆ, ಹರಿಹರಕ್ಕೆ ಹೋದಾಗ ಇಂಥ ಜಾಗ ಕಂಡ್ರೆ ಎಲ್ಲಿದೆ, ಅಂದಾಜು ಎಷ್ಟು ಎಕರೆ ಇರಬಹುದು ಅಂತ ಬರೆದು ತಿಳಿಸಿ. ಸಭೆಗೆ ಹೋಗುವಾಗ ಜೇಬಿನಲ್ಲಿ ನಮ್ಮದೂ ಒಂದು ಪಟ್ಟಿ ಇರಲಿ.

ಇವತ್ತು ರಾತ್ರಿ ನೀರಿನ ಸರದಿ ನಮ್ಮದು. ಅಣ್ಣನ ಗದ್ದೆಗೂ ನಾನೇ ಕಟ್ಟಬೇಕು, ಅವನಿಗೆ ಮಂಡಿ ನೋವು. ಬರ್ತೀನಿ.