ನೊಂದವರೇ ನೋಯಿಸಬಹುದೆ?

ಈ ಸಲ ನಾನು ಕಥೆ ಬರೆಯುತ್ತಿಲ್ಲ. ನಾನು ಮಾಡಿದ ಒಂದು ತಪ್ಪನ್ನೇ ಬರೆಯುತ್ತಿದ್ದೇನೆ.

ಬೇಸಿಗೆ ರಜೆಯಲ್ಲಿ ಅವ್ವನ ಜೊತೆ ಬೇರೆ ಊರಿಗೆ ಮದುವೆಗೆ ಹೋಗಿದ್ದೆ. ಮೊದಲ ಪಂಕ್ತಿಯಲ್ಲಿ ಎಲೆ ಮುಂದೆ ಕೂತಿದ್ದೆ. ಒಬ್ಬರು ಬಂದು, "ಏ ಕೂಸು, ಮೇಲಕ್ಕೇಳು. ನಿಮ್ಮೋರ್ದು ಕಡೇ ಪಂಕ್ತಿ" ಅಂದರು. ಎಲ್ಲರೂ ನೋಡುತ್ತಿದ್ದರು. ಅವ್ವ ಏನೂ ಹೇಳದೆ ನನ್ನ ಕೈ ಹಿಡಿದು ಎಬ್ಬಿಸಿದಳು. ಆಮೇಲೆ ಉಣ್ಣಲು ಕೂತರೆ ಪಾಯಸ ಗಂಟಲಲ್ಲಿ ಇಳಿಯಲಿಲ್ಲ. ಮನೆಗೆ ಬಂದವನೇ ಕಾರಣವಿಲ್ಲದೆ ತಂಗಿಗೆ ಹೊಡೆದೆ.

ಶಾಲೆ ಶುರುವಾಯಿತು. ಬಿಸಿಯೂಟದ ಹೊತ್ತಿನಲ್ಲಿ ಪೋಡಿನಿಂದ ಬರುವ ಸೋಲಿಗರ ಹುಡುಗ ನನ್ನ ಪಕ್ಕ ತಟ್ಟೆ ಇಟ್ಟ. "ಆ ಕಡೆ ಹೋಗ್ಲಾ, ಕಾಡ್ನೋನೆ" ಅಂದೆ. ಕೆಲವರು ನಕ್ಕರು. ಅವನು ತಟ್ಟೆ ಎತ್ತಿಕೊಂಡು ಹೋಗಿ ಗೋಡೆ ಕಡೆ ಮುಖ ಮಾಡಿ ಉಂಡ. ಆಗ ಅವ್ವನ ಮುಖ ನೆನಪಾಯಿತು. ಮದುವೆಮನೆಯ ಮಾತನ್ನೇ ನಾನೂ ಆಡಿಬಿಟ್ಟಿದ್ದೆ.

ನೊಂದವನು ನಾನು, ಮತ್ತೆ ನಾನೇ ಯಾಕೆ ಹೀಗೆ ಮಾಡಿದೆ? ಮೇಷ್ಟ್ರನ್ನು ಕೇಳಿದೆ. ಇದನ್ನೇ ಅಂಬೇಡ್ಕರರು ಶ್ರೇಣೀಕೃತ ಅಸಮಾನತೆ ಅಂದರು ಎಂದು ಹೇಳಿದರು. ಅದು ಏಣಿ ಇದ್ದ ಹಾಗೆ. ಮೇಲಿನವನು ತುಳಿದರೆ ಅವನನ್ನು ಕೇಳಲು ಭಯ. ಅದಕ್ಕೇ ನಮಗಿಂತ ಕೆಳಗೆ ಯಾರಿದ್ದಾರೆ ಅಂತ ಹುಡುಕುತ್ತೇವೆ. ನಾನು ತಂಗಿಯನ್ನು ಹುಡುಕಿದೆ, ಆಮೇಲೆ ಆ ಹುಡುಗನನ್ನು.

ಆದರೆ ಎಲ್ಲರೂ ಹೀಗೆ ಮಾಡುವುದಿಲ್ಲ. ಅಂಬೇಡ್ಕರರು ಹುಡುಗನಾಗಿದ್ದಾಗ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಿತ್ತು. ಜವಾನ ನಲ್ಲಿ ತಿರುಗಿಸಿದರೆ ಮಾತ್ರ ನೀರು. ಅವರು ಆ ಸಿಟ್ಟನ್ನು ಇನ್ನೊಬ್ಬ ಬಡವನ ಮೇಲೆ ತೀರಿಸಲಿಲ್ಲ. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರನ್ನು ಸಾವಿರಾರು ಜನರ ಜೊತೆ ಕುಡಿದು, ಕೆರೆ ಎಲ್ಲರದು ಎಂದು ತೋರಿಸಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು.

ಇನ್ನು ಸೋಲಿಗರ ವಿಷಯ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯ ಆದ ಮೇಲೆ ಎಷ್ಟೋ ಸೋಲಿಗರು ಕಾಡಿನ ಒಳಗಿನ ಪೋಡು ಬಿಟ್ಟು ಬರಬೇಕಾಯಿತು. ನನ್ನನ್ನು ಎಬ್ಬಿಸಿದ್ದು ಒಂದು ಪಂಕ್ತಿಯಿಂದ, ಅವರನ್ನು ಎಬ್ಬಿಸಿದ್ದು ಹುಟ್ಟಿದ ಜಾಗದಿಂದ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ 2011ರಲ್ಲಿ ಆ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಹಕ್ಕುಪತ್ರ ಸಿಕ್ಕಿತು. ಕಾಡಿನ ಹಕ್ಕನ್ನು ಸರ್ಕಾರ ಕೊಡಬಹುದು. ಪಕ್ಕದಲ್ಲಿ ಕೂರುವ ಜಾಗವನ್ನು ನಾವೇ ಕೊಡಬೇಕು.

ಮಾರನೇ ದಿನ ನಾನೇ ತಟ್ಟೆ ತಗೊಂಡು ಅವನ ಹತ್ತಿರ ಹೋದೆ. "ಇಲ್ಲೇ ಕುಂತ್ಕತೀನಿ ಕಣ್ಲಾ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಜರುಗಿ ಜಾಗ ಬಿಟ್ಟ. ಇನ್ನೂ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಅದು ಅವನ ತಪ್ಪಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಯಾರಾದರೂ ನಮ್ಮನ್ನು ದೂರ ಇಟ್ಟರೆ ಆ ನೋವು ನಮ್ಮಲ್ಲೇ ನಿಲ್ಲಬೇಕು, ಇನ್ನೊಬ್ಬರ ತಟ್ಟೆಗೆ ಹೋಗಬಾರದು. ಅಂದು ನಕ್ಕ ಗೆಳೆಯರೂ ಇದನ್ನು ಯೋಚನೆ ಮಾಡಿ. ತಪ್ಪು ಬರೆದಿದ್ದರೆ ಗುರುಗಳು ತಿದ್ದಬೇಕು.

— 7ನೇ ತರಗತಿ ವಿದ್ಯಾರ್ಥಿ, ರಾಮಾಪುರ