ಸೂತ್ರಕರ್ತೆ ಲಿನ್ ಕಾನ್‌ವೇ

ಹೊಸದನ್ನು ಕಂಡುಹಿಡಿದವರಿಗೆ ಮೊದಲ ಮಣೆ, ಅದನ್ನು ಕಲಿಯುವವರಿಗೆಟುಕುವಂತೆ ಬರೆದವರಿಗೆ ಕಡೆಯ ಮಣೆ: ವಿದ್ವತ್ಸಭೆಗಳಲ್ಲಿ ಬೇರೂರಿರುವ ಈ ರೂಢಿ ನನಗೆ ಸಮ್ಮತವಲ್ಲ. ಅಮೆರಿಕದ ಲಿನ್ ಕಾನ್‌ವೇ (1938–2024) ಅವರ ಜೀವಿತವನ್ನು ಓದಿದ ಮೇಲಂತೂ ನನ್ನ ಅಸಮ್ಮತಿ ದೃಢವಾಗಿದೆ.

ಉಗುರಿನಗಲದ ಸಿಲಿಕಾನ್ ಚೂರಿನ ಮೇಲೆ ಸಹಸ್ರಾರು ಸೂಕ್ಷ್ಮಾಂಗಗಳನ್ನು ಅಡಕಗೊಳಿಸುವ ಚಿಪ್ ವಿನ್ಯಾಸವು 1970ರ ದಶಕದಲ್ಲಿ ಕೆಲವೇ ಕಾರ್ಖಾನೆಗಳ ಒಳಮನೆಯ ವಿದ್ಯೆಯಾಗಿತ್ತು. ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೊ ಸಂಶೋಧನ ಕೇಂದ್ರದಲ್ಲಿದ್ದ ಕಾನ್‌ವೇ ಅವರು ಪ್ರಾಧ್ಯಾಪಕ ಕಾರ್ವರ್ ಮೀಡ್ ಅವರೊಡಗೂಡಿ ಅದನ್ನು ಕೆಲವು ಸೂತ್ರಗಳಿಗೆ ಇಳಿಸಿದರು. ಲ್ಯಾಮ್ಡಾ ಎಂಬುದೊಂದು ಮಾನ. ಲೋಹದ ಗೆರೆಯ ಕನಿಷ್ಠ ಅಗಲ ಅದರ ಮೂರರಷ್ಟು, ಪಾಲಿಸಿಲಿಕಾನ್ ಗೆರೆಯದು ಎರಡರಷ್ಟು. ತಯಾರಿಕೆ ಸೂಕ್ಷ್ಮವಾದಂತೆ ಲ್ಯಾಮ್ಡಾದ ಪ್ರಮಾಣ ಕುಗ್ಗುವುದೇ ಹೊರತು ಸೂತ್ರ ಬದಲಾಗದು. ಯಂತ್ರಶಾಸ್ತ್ರವನ್ನು ನಾನರಿಯೆ, ಆದರೆ ವ್ಯಾಕರಣ ಪಾಠ ಹೇಳುತ್ತ ತಲೆ ನರೆತವನಿಗೆ ಲಾಘವವೆಂದರೇನೆಂಬುದು ತಿಳಿಯದೆ ಹೋಗದು.

ಕೇಶಿರಾಜನು ಸೂತ್ರದ ಬೆನ್ನಿಗೆ ವೃತ್ತಿಯನ್ನೂ ಪ್ರಯೋಗವನ್ನೂ ಇಟ್ಟನಷ್ಟೆ. ಕಾನ್‌ವೇ ಅವರೂ ಪ್ರಯೋಗವನ್ನು ಬಿಡಲಿಲ್ಲ. 1978ರಲ್ಲಿ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಪಾಠ ಹೇಳಿ, ವಿದ್ಯಾರ್ಥಿಗಳ ನಕ್ಷೆಗಳನ್ನು ಕ್ಯಾಲಿಫೋರ್ನಿಯಕ್ಕೆ ಕಳುಹಿಸಿ, ಚಿಪ್‌ಗಳನ್ನಾಗಿ ಮಾಡಿಸಿ ಅವರ ಕೈಗಿತ್ತರು. ಮರುವರ್ಷ 12 ವಿಶ್ವವಿದ್ಯಾಲಯಗಳಿಂದ 82 ನಕ್ಷೆಗಳು ಬಂದವು. ಅನೇಕರ ರಚನೆಗಳನ್ನು ಒಂದೇ ಬಿಲ್ಲೆಯ ಮೇಲೆ ಮೂಡಿಸಿದ್ದರಿಂದ ವೆಚ್ಚ ಹಂಚಿಹೋಯಿತು. 1980ರಲ್ಲಿ ಇಬ್ಬರ ಪಠ್ಯಗ್ರಂಥ ಪ್ರಕಟವಾಯಿತು. ಅಲ್ಪಕಾಲದಲ್ಲಿಯೇ ನೂರಾರು ತರಗತಿಗಳಲ್ಲಿ ಅದನ್ನು ಓದಿದರು. ಪ್ರಯೋಗಶಾಲೆಯ ಕಟ್ಟಡಕ್ಕೆ ದಾನವೀಯುವ ಮಹನೀಯರು ಒಂದು ಒಳ್ಳೆಯ ಪಠ್ಯಪುಸ್ತಕದ ರಚನೆಗೂ ಕೈ ನೀಡಿದರೆ ತಪ್ಪೇನು?

ಇದಿಷ್ಟೂ ಅವರ ಎರಡನೆಯ ಬಾಳಿನ ಸಾಧನೆ. ಮೊದಲನೆಯದರಲ್ಲಿ ಅವರು ಐಬಿಎಂ ಕಂಪೆನಿಯ ಎಂಜಿನಿಯರು. ಗಣಕಯಂತ್ರವು ಆದೇಶಗಳನ್ನು ಕಾಗದದ ಮೇಲಿನ ಕ್ರಮಕ್ಕೆ ಕಟ್ಟುಬೀಳದೆ, ಸಿದ್ಧವಾದುದನ್ನು ಮುಂಚಿತವಾಗಿ ನೆರವೇರಿಸುವ ವಿಧಾನವೊಂದನ್ನು 1960ರ ದಶಕದಲ್ಲಿಯೇ ಅಲ್ಲಿ ರೂಪಿಸಿದ್ದರು. ಜನ್ಮತಃ ಪುರುಷರೆಂದು ಗಣಿಸಲ್ಪಟ್ಟಿದ್ದ ಅವರು ಸ್ತ್ರೀಯಾಗಿ ಬಾಳಲು ನಿಶ್ಚಯಿಸಿದುದು ತಿಳಿದು ಕಂಪೆನಿ 1968ರಲ್ಲಿ ಅವರನ್ನು ಕೆಲಸದಿಂದ ತೆಗೆಯಿತು. ಮಾಡಿದ ಕೆಲಸವನ್ನು ತನ್ನದೆಂದು ಹೇಳಿಕೊಳ್ಳಲಾಗದೆ, ಹೊಸ ಹೆಸರಿನಿಂದ ಕೆಳದರ್ಜೆಯಿಂದಲೇ ಮತ್ತೆ ಮೊದಲುಮಾಡಬೇಕಾಯಿತು. ವಿದ್ಯಾವಂತರ ನಡುವೆಯೇ ಇಂಥದು ನಡೆಯಿತೆಂಬುದು ನನಗೆ ಹೆಚ್ಚಿನ ಖೇದ.

1985ರಿಂದ ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದರು. ಐಬಿಎಂ ಕ್ಷಮೆ ಕೋರಿದ್ದು 2020ರಲ್ಲಿ. ಆಗ ಅವರಿಗೆ 82 ವರ್ಷ ವಯಸ್ಸು.